ಕಿವಿ ಹಿಂಡಿದಾಗ ಬರುತ್ತಿದ್ದ ರಾಗ

ನಮ್ಮ ಮನೆಯ ರೇಡಿಯೋಗೆ ಎರಡು ಕಿವಿ. ಎಡಗಡೆಯದು ಸದ್ದಿಗೆ, ಬಲಗಡೆಯದು ಸ್ಟೇಷನ್ನಿಗೆ. "ಸ್ವಲ್ಪ ಅದರ ಕಿವಿ ಹಿಂಡೋ" ಎಂದು ಅಪ್ಪ ಹೇಳಿದರೆ ಬಲಗಡೆಯದು ಎಂದೇ ಅರ್ಥ. ಎಡಗಡೆಯದನ್ನು ಮುಟ್ಟುವ ಅಧಿಕಾರ ನಮಗೆ ಇರಲಿಲ್ಲ.

ಬೆಳಿಗ್ಗೆ 5.50ಕ್ಕೆಲ್ಲ ಅಪ್ಪ ಸ್ವಿಚ್ ಹಾಕಿಬಿಡುತ್ತಿದ್ದರು. ಒಳಗೆ ಗಾಜಿನ ಬಲ್ಬಿನಂಥ ವಾಲ್ವುಗಳಿದ್ದ ಹಳೆಯ ಸೆಟ್ಟು. ಹಾಕಿದ ಕೂಡಲೇ ಬಾಯಿಬಿಡುವ ಜಾತಿಯದಲ್ಲ. ಮೊದಲು ಹಿಂದಿನ ತೂತುಗಳಲ್ಲಿ ಸಣ್ಣಗೆ ಕೆಂಡದ ಬಣ್ಣ. ಆಮೇಲೆ ಧೂಳು ಬಿಸಿಯಾದ ವಾಸನೆ. ಕೊನೆಗೆ ಮುಂದಿನ ಗಾಜಿನಲ್ಲಿ ಒಂದು ಹಸಿರು ಕಣ್ಣು. ಅದಕ್ಕೆ ಮ್ಯಾಜಿಕ್ ಐ ಎನ್ನುತ್ತಾರೆ ಅಂತ ಗೊತ್ತಾಗಿದ್ದು ಎಷ್ಟೋ ಆದಮೇಲೆ. ನಮಗೆ ಅದು ಬೆಕ್ಕಿನ ಕಣ್ಣು. ಸ್ಟೇಷನ್ ಸರಿಯಾಗಿ ಸಿಕ್ಕಷ್ಟೂ ಆ ಹಸಿರಿನ ನಡುವಿನ ಕಪ್ಪು ಸಂದು ಮುಚ್ಚಿಕೊಳ್ಳುತ್ತಾ ಬರುತ್ತಿತ್ತು. ಮುಳ್ಳು 675ರ ಹತ್ತಿರ ಬರಬೇಕು. ಅದು ಭದ್ರಾವತಿ. ಒಂದು ಕೂದಲೆಳೆ ಆಚೆ ಹೋದರೆ ಗೊರಗೊರ, ಈಚೆ ಬಂದರೆ ಕುಂಯ್ ಎನ್ನುವ ಸೀಟಿ. ಈ ಗೊರಗೊರ ಮತ್ತು ಸೀಟಿಯ ನಡುವಿನಿಂದಲೇ 5.55ಕ್ಕೆ ಆ ಪಿಟೀಲು ಬರುತ್ತಿತ್ತು.

ಯಾವುದು ಅಂತ ನಿಮಗೆ ಗೊತ್ತು. ಆಕಾಶವಾಣಿಯ ಸಿಗ್ನೇಚರ್ ಟ್ಯೂನ್. ಕೆಳಗೆ ತಂಬೂರಿ, ಮೇಲೆ ಪಿಟೀಲು. ಒಂದು ಪುಟ್ಟ ಸಾಲು ಮೇಲೇರುತ್ತದೆ, ಅಲ್ಲೇ ಸ್ವಲ್ಪ ನಿಲ್ಲುತ್ತದೆ, ಇಳಿಯುತ್ತದೆ. ಮತ್ತೆ ಅದೇ. ಆಮೇಲೆ ವಂದೇ ಮಾತರಂ, ಅದರ ಹಿಂದೆ ಮಂಗಳವಾದ್ಯ. ಅಷ್ಟರಲ್ಲಿ ಬಚ್ಚಲ ಒಲೆಗೆ ಬೆಂಕಿ ಬಿದ್ದಿರುತ್ತಿತ್ತು.

ಹಳೆಯ ಆಕಾಶವಾಣಿ ಅಂದರೆ ಜನ ಸಾಮಾನ್ಯವಾಗಿ ನಾಟಕ, ಚಿತ್ರಗೀತೆ, ಕ್ರಿಕೆಟ್ ಕಾಮೆಂಟರಿ ನೆನಪಿಸಿಕೊಳ್ಳುತ್ತಾರೆ. ನನಗೆ ಅವೆಲ್ಲ ಅರ್ಧಂಬರ್ಧ. ಯಾರಾದರೂ ಕೇಳಲಿ ಎಂದು ಹಾಕದ ಈ ತುಣುಕುಗಳು ಮಾತ್ರ ಒಂದು ಸ್ವರವೂ ಬಿಡದೆ ಉಳಿದಿವೆ. ಸಿಗ್ನೇಚರ್ ಟ್ಯೂನಿಗಾಗಿ ರೇಡಿಯೋ ಹಾಕಿದವರನ್ನು ನಾನು ನೋಡಿಲ್ಲ. "ಶ್, ಸುಮ್ನಿರಿ, ಸಿಗ್ನೇಚರ್ ಟ್ಯೂನ್ ಬರ್ತಾ ಇದೆ" ಎಂದು ಯಾವ ಮನೆಯಲ್ಲೂ ಯಾರೂ ಗದರಿಲ್ಲ. ಅದರ ಕೆಲಸವೇ ಬೇರೆ. ಕಾರ್ಯಕ್ರಮ ಶುರುವಾಗುವ ಮೊದಲು ಜನ ಮುಳ್ಳು ಸರಿಮಾಡಿಕೊಳ್ಳಲಿ ಎಂದು ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಮದುವೆ ಮನೆಯಲ್ಲಿ ಮೈಕಿನವನು "ಹಲೋ, ಚೆಕ್ ಚೆಕ್" ಅನ್ನುತ್ತಾನಲ್ಲ, ಅಂಥದ್ದೇ ಕೆಲಸ. ಇದು ಸ್ವಲ್ಪ ಸಂಗೀತ ಕಲಿತದ್ದು, ಅಷ್ಟೇ.

ಅಜ್ಜಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಬೆಳ್ ಬೆಳಿಗ್ಗೆ ಇದೆಂಥ ಗೋಳು ಮಾರಾಯ" ಎನ್ನುತ್ತಿದ್ದರು. ಆ ರಾಗ ಶಿವರಂಜನಿ ಎಂದು ಆಮೇಲೆ ಓದಿದೆ. ಮೋಹನ ರಾಗದ ಗಾಂಧಾರ ಸ್ವರವನ್ನು ಒಂದು ಮೆಟ್ಟಿಲು ಕೆಳಗಿಳಿಸಿದರೆ ಸಿಗುವ ರಾಗ. ಅಷ್ಟೇ ವ್ಯತ್ಯಾಸ. ನಗುತ್ತಿದ್ದ ಮುಖ ಆ ಒಂದು ಮೆಟ್ಟಿಲಿಗೆ ಸಪ್ಪಗಾಗುತ್ತದೆ. ಸಿನಿಮಾದವರು ಅಳುವ ಹಾಡಿಗೆ ಹುಡುಕಿಕೊಂಡು ಹೋಗುವುದು ಇದನ್ನೇ. ಅಜ್ಜಿಗೆ ರಾಗದ ಹೆಸರು ಗೊತ್ತಿರಲಿಲ್ಲ, ಗೋಳು ಗೊತ್ತಿತ್ತು.

ಈ ಟ್ಯೂನನ್ನು 1936ರಲ್ಲಿ ಕಟ್ಟಿದವರು ವಾಲ್ಟರ್ ಕೌಫ್‌ಮನ್ ಎನ್ನುತ್ತಾರೆ. ಹೆಸರು ಕೇಳಿ ನಾನು ಬೆಪ್ಪಾದೆ. ಯಾವುದೋ ಶಾಸ್ತ್ರಿಗಳೋ ಪಂಡಿತರೋ ಇರಬೇಕು ಎಂದುಕೊಂಡಿದ್ದೆ. ಈತ ಹುಟ್ಟಿದ್ದು ಈಗ ಚೆಕ್ ದೇಶದಲ್ಲಿರುವ ಕಾರ್ಲ್ಸ್‌ಬಾಡ್ ಎಂಬ ಊರಿನಲ್ಲಿ, 1907ರಲ್ಲಿ. ಯಹೂದಿ. ಜರ್ಮನಿಯಲ್ಲಿ ಹಿಟ್ಲರ್ ಬಂದಮೇಲೆ, 1934ರಲ್ಲಿ, ಮುಂಬೈ ಸೇರಿದವರು. ಶುರುವಿನಲ್ಲಿ ನಮ್ಮ ಸಂಗೀತ ಅವರಿಗೆ ತಲೆಬುಡ ತಿಳಿಯಲಿಲ್ಲವಂತೆ. ಬಿಟ್ಟುಬಿಡಬಹುದಿತ್ತು. ಬಿಡದೆ ಕೂತು ಕಲಿತರು, ಮುಂಬೈ ರೇಡಿಯೋದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಮುಂದೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಮೇಷ್ಟರಾಗಿ ಉತ್ತರದ ರಾಗಗಳ ಮೇಲೊಂದು, ದಕ್ಷಿಣದ ರಾಗಗಳ ಮೇಲೊಂದು ದಪ್ಪ ಪುಸ್ತಕ ಬರೆದರು. ಆ ಟ್ಯೂನಿನಲ್ಲಿ ಪಿಟೀಲು ನುಡಿಸಿದ್ದು ಮೆಹ್ಲಿ ಮೆಹ್ತಾ, ಪಾಶ್ಚಾತ್ಯ ವಾದ್ಯವೃಂದ ನಡೆಸಿ ಹೆಸರಾದ ಜುಬಿನ್ ಮೆಹ್ತಾರ ತಂದೆ ಎಂಬ ಮಾತೂ ಇದೆ. ನಮ್ಮ ಬಚ್ಚಲ ಒಲೆ ಹೊತ್ತಿಕೊಳ್ಳುವುದಕ್ಕೆ ಎಲ್ಲೆಲ್ಲಿಂದ ಜನ ಬಂದಿದ್ದರು ನೋಡಿ.

ಆಕಾಶವಾಣಿ ಎಂಬ ಹೆಸರಂತೂ ನಮ್ಮದೇ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ರೇಡಿಯೋ ಸ್ಟೇಷನ್ ಶುರುಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟಿನದು. ನಮ್ಮ ನಡುಮನೆಯ ಫ್ಯಾನು ಇದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತದೆ. ಅವರ ಆಕಾಶವಾಣಿ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಇಟ್ಟುಕೊಂಡಿತು.

ನಮ್ಮ ಮನೆ ನಡೆಯುತ್ತಿದ್ದುದು ಗಡಿಯಾರದ ಮೇಲಲ್ಲ, ಇಂಥ ಸದ್ದುಗಳ ಮೇಲೆ. 6.55ಕ್ಕೆ "ಇಯಂ ಆಕಾಶವಾಣೀ" ಎಂದು ಸಂಸ್ಕೃತ ವಾರ್ತೆ ಬಂದರೆ, "ಸಂಸ್ಕೃತ ಬಂತು, ಇನ್ನೂ ಹಲ್ಲುಜ್ಜಿಲ್ಲ ನೀನು" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದರು. ಆ ಭಾಷೆಯಲ್ಲಿ ನನಗೆ ಗೊತ್ತಿದ್ದ ಒಂದೇ ಅರ್ಥ, ಹಲ್ಲುಜ್ಜು ಅಂತ. 7.35ಕ್ಕೆ ದೆಹಲಿಯ ಕನ್ನಡ ವಾರ್ತೆ. ಅಷ್ಟು ಹೊತ್ತಿಗೆ ಚಪ್ಪಲಿ ಹಾಕಿರಬೇಕು. ಓದುವವರು ತಮ್ಮ ಹೆಸರು ಹೇಳುವಾಗಲೂ ನಾನು ತಟ್ಟೆಯ ಮುಂದೆಯೇ ಇದ್ದರೆ ಬಸ್ಸು ತಪ್ಪಿತು ಎಂದೇ ಲೆಕ್ಕ. ಒಂದು ಸಲ ಹಾಗೇ ತಪ್ಪಿತು. ಮೂರು ಮೈಲಿ ನಡೆದು ಹೋಗಿ, ಬಾಗಿಲಲ್ಲಿ ನಿಂತು, "ವಾರ್ತೆ ಬೇಗ ಶುರುವಾಯ್ತು ಸಾರ್" ಎಂದೆ. ಮೇಷ್ಟ್ರು ಏನೂ ಹೇಳಲಿಲ್ಲ. ಅವರ ಕೈ ಹೇಳಿತು. ರೇಡಿಯೋದ ಕಿವಿಯನ್ನು ದಿನಾ ಹಿಂಡುತ್ತಿದ್ದವನಿಗೆ ಹಿಂಡಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು.

ಎಂಟರ ವಾರ್ತೆಗೆ ಮುಂಚೆ ಬರುವ ಪಿಪ್ ಪಿಪ್ ಅಪ್ಪನ ಖಾತೆ. ಅವರ ಎಚ್‌ಎಂಟಿ ವಾಚು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ಪಿಪ್ ಶುರುವಾಗುವ ಮೊದಲೇ ಅದರ ತಲೆ ಎಳೆದು, ಮುಳ್ಳನ್ನು ಎಂಟಕ್ಕೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕೊನೆಯ ಪಿಪ್‌ಗೆ ಸರಿಯಾಗಿ ಟಕ್ ಎಂದು ತಲೆ ಒತ್ತಿ ನಮ್ಮ ಕಡೆ ನೋಡುತ್ತಿದ್ದರು, ಬಂದೂಕು ಹೊಡೆದು ಹಂದಿ ಬೀಳಿಸಿದವರ ಹಾಗೆ.

ಇಂಥ ಸದ್ದುಗಳ ನಿಜವಾದ ಹುಚ್ಚು ಇದ್ದದ್ದು ಚಿಕ್ಕಪ್ಪನಿಗೆ. ಅವರದು ದೂರದ ದೇಶಗಳ ಸ್ಟೇಷನ್ನು ಸಿಗುವ ಶಾರ್ಟ್‌ವೇವ್. ಕಿಟಕಿಯಿಂದ ಅಡಿಕೆ ಮರದವರೆಗೆ ತಾಮ್ರದ ತಂತಿ ಎಳೆದು, ರಾತ್ರಿ ಊಟವಾದ ಮೇಲೆ ಕೂರುತ್ತಿದ್ದರು. ಎಲ್ಲರೂ ಕಾರ್ಯಕ್ರಮ ಬಂದರೆ ಖುಷಿಪಟ್ಟರೆ ಇವರಿಗೆ ಕಾರ್ಯಕ್ರಮ ಶುರುವಾದರೆ ಬೇಜಾರು. ಇವರಿಗೆ ಬೇಕಾದದ್ದು ಅದಕ್ಕೆ ಮುಂಚಿನ ಗುರುತಿನ ಸದ್ದು ಮಾತ್ರ. ಆ ಸದ್ದು ಕೇಳಿಯೇ ಇದು ಯಾವ ದೇಶ ಎಂದು ಹೇಳುತ್ತಿದ್ದರು. ಬಿಬಿಸಿಯದು ಕುದುರೆ ಓಡಿದ ಹಾಗಿನ ಒಂದು ಹಳೆಯ ಕುಣಿತದ ರಾಗ. ವಾಯ್ಸ್ ಆಫ್ ಅಮೆರಿಕದ್ದು ಬ್ಯಾಂಡು. ರೇಡಿಯೋ ಆಸ್ಟ್ರೇಲಿಯಾದವರು ಕೂಕಬರಾ ಎಂಬ ಹಕ್ಕಿಯ ಕೂಗು ಹಾಕುತ್ತಿದ್ದರು. ಅದು ಥೇಟ್ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ ಹಾಗೆ. ಮಲೆನಾಡಿನ ಕತ್ತಲಲ್ಲಿ, ಜೀರುಂಡೆ ಸದ್ದಿನ ನಡುವೆ ಆ ನಗು ಕೇಳಿದ ಮೊದಲ ರಾತ್ರಿ ನಾಯಿ ಕಣದ ತುದಿಗೆ ಓಡಿಹೋಗಿ ಕತ್ತಲಿಗೆ ಬೊಗಳಿತು. ಅಜ್ಜಿ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದರು. ಚಿಕ್ಕಪ್ಪ ಮಾತ್ರ ನೋಟ್ ಪುಸ್ತಕದಲ್ಲಿ ಹೊತ್ತು, ಮೀಟರು, ಸದ್ದಿನ ಸ್ಥಿತಿ ಎಲ್ಲ ಬರೆದುಕೊಂಡು ಆ ಸ್ಟೇಷನ್ನಿಗೆ ಕಾಗದ ಹಾಕಿದರು. ಹಾಗೆ ಬರೆದವರಿಗೆ, ನೀವು ಕೇಳಿದ್ದು ನಮ್ಮ ಸ್ಟೇಷನ್ನೇ ಹೌದು ಎಂದು ಒಪ್ಪುವ, ಕ್ಯೂಎಸ್‌ಎಲ್ ಕಾರ್ಡು ಅಂತ ಬಣ್ಣದ ಕಾರ್ಡು ಬರುತ್ತಿತ್ತು. ಅಡಿಕೆ ಲೆಕ್ಕದ ಪುಸ್ತಕದ ಜೊತೆ ಅವೂ ಟ್ರಂಕಿನಲ್ಲಿರುತ್ತಿದ್ದವು.

ವಿವಿಧ ಭಾರತಿಯ ಸೋಪು, ಹಲ್ಲುಪುಡಿ ಜಾಹೀರಾತಿನ ಹಾಡುಗಳನ್ನು ಇದೇ ಸಾಲಿಗೆ ಸೇರಿಸುವವರು ಇದ್ದಾರೆ. ನಾನು ಸೇರಿಸುವುದಿಲ್ಲ. ಅವು ಬೇಕೆಂದೇ ತಲೆಗೆ ಅಂಟಿಕೊಳ್ಳಲು ಬಂದವು, ಅಂಟಿಕೊಂಡವು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಈ ಪಿಟೀಲಿಗೆ ನನ್ನಿಂದ ಏನೂ ಬೇಕಿರಲಿಲ್ಲ.

ಹೋದ ವರ್ಷ ಯೂಟ್ಯೂಬಿನಲ್ಲಿ ಸಿಕ್ಕಿತು ಎಂದು ಅದನ್ನು ಫೋನಿನ ಅಲಾರಂ ಮಾಡಿಕೊಂಡೆ. ಎರಡು ದಿನ ಖುಷಿ. ಮೂರನೇ ದಿನ ಅಭ್ಯಾಸ. ನಾಲ್ಕನೇ ದಿನ ಅಜ್ಜಿಯ ಮಾತೇ ನನ್ನ ಬಾಯಲ್ಲಿ ಬಂತು. ಅದಕ್ಕಿಂತ ಮುಖ್ಯ, ಅದು ಜಾಸ್ತಿ ಚೊಕ್ಕವಾಗಿತ್ತು. ಗೊರಗೊರ ಇಲ್ಲ, ಸೀಟಿ ಇಲ್ಲ, ನಾನು ಹುಡುಕಬೇಕಾದದ್ದು ಏನೂ ಇಲ್ಲ. ಕಲ್ಲು ಆರಿಸಿ, ತೊಳೆದು, ಪ್ಯಾಕೆಟ್ಟಿಗೆ ಹಾಕಿದ ಅಕ್ಕಿಯ ಹಾಗೆ. ಅಕ್ಕಿಗೆ ಅದು ಒಳ್ಳೆಯದೇ. ಐದನೇ ದಿನ ಮತ್ತೆ ಕೋಳಿ ಕೂಗುವ ಅಲಾರಂ ಇಟ್ಟೆ.

ಊರಿಗೆ ಹೋದಾಗ ಅಪ್ಪನಿಗೆ ಫೋನಿನಲ್ಲಿ ಆಕಾಶವಾಣಿಯ ಆ್ಯಪ್ ಹಾಕಿಕೊಟ್ಟೆ. ಬೆಳಿಗ್ಗೆ ಇಬ್ಬರೂ ಕೂತೆವು. ಕಿಟಕಿಯಲ್ಲಿ ಅವರ ಟ್ರಾನ್ಸಿಸ್ಟರ್, ಮೇಜಿನ ಮೇಲೆ ಫೋನು. ಟ್ರಾನ್ಸಿಸ್ಟರಿನಲ್ಲಿ ಪಿಟೀಲು ಶುರುವಾಯಿತು. ಫೋನು ಸುಮ್ಮನೆ ಕೂತಿತ್ತು. ಇಂಟರ್ನೆಟ್ಟಿನಲ್ಲಿ ಸುತ್ತಿ ಬರುವಾಗ ಸ್ವಲ್ಪ ತಡವಾಗುತ್ತದೆ ಎಂದು ನಾನು ವಿವರಿಸುತ್ತಿರುವಾಗಲೇ ಅದರಲ್ಲೂ ಬಂತು, ಬಲು ಚೊಕ್ಕವಾಗಿ. ಒಂದು ಮುಂದೆ, ಒಂದು ಹಿಂದೆ. ಅಪ್ಪ ಎರಡನ್ನೂ ಸ್ವಲ್ಪ ಹೊತ್ತು ಕೇಳಿದರು.

"ಇದರಲ್ಲಿ ವಾಚು ಇಟ್ಟುಕೊಂಡರೆ ಕೆಟ್ಟೆವು" ಎಂದು ಫೋನನ್ನು ನನ್ನ ಕಡೆ ಸರಿಸಿ, ಟ್ರಾನ್ಸಿಸ್ಟರಿನ ಕಿವಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರು.