ತುಮಕೂರಲ್ಲಿ ಹಾಕಿದ ಗಂಟು ಮಲ್ಪೆಯಲ್ಲಿ ಬಿಚ್ಚಿತು

ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲೆ ಕೂತಿರುವ ತುಮಕೂರಿನಲ್ಲಿ ಸಮುದ್ರಮೀನಿಗೆ ಗಾಳ ಕೊಳ್ಳುವವರಿಗೇನೂ ಬರವಿಲ್ಲ. ಕುಣಿಗಲ್ ದೊಡ್ಡಕೆರೆ ಏರಿ ಮೇಲೆ ನಿಂತು ನಾಲ್ಕು ಜಿಲೇಬಿ ಮೀನು ಎತ್ತಿದವರಿಗೆ, ಮಾರ್ಕೋನಹಳ್ಳಿ ಹಿನ್ನೀರಲ್ಲಿ ಒಂದು ಕಾಟ್ಲಾ ಬಿದ್ದವರಿಗೆ, ಮುಂದಿನ ಮೆಟ್ಟಿಲು ಅರಬ್ಬಿ ಸಮುದ್ರವೇ ಅನ್ನಿಸುತ್ತದೆ. ಎನ್‌ಎಚ್ 73 ಹೇಗೂ ಇಲ್ಲಿಂದಲೇ ಹೊರಟು ತಿಪಟೂರು, ಅರಸೀಕೆರೆ, ಬೇಲೂರು, ಚಾರ್ಮಾಡಿ ಹಾದು ಮಂಗಳೂರು ಮುಟ್ಟಿಸುತ್ತದೆ. ಅಲ್ಲಿಂದ ಮಲ್ಪೆಯೋ ಗಂಗೊಳ್ಳಿಯೋ, ಒಂದು ದೋಣಿ ಗೊತ್ತುಮಾಡಿದರಾಯಿತು. ಆದರೆ ದೋಣಿಯ ಮೇಲಾಗುವ ಅನಾಹುತಗಳಲ್ಲಿ ಮುಕ್ಕಾಲುಪಾಲು ಘಟ್ಟ ಇಳಿಯುವ ಮೊದಲೇ, ಇಲ್ಲಿನ ನಡುಮನೆಗಳಲ್ಲಿ, ಫ್ಯಾನಿನ ಕೆಳಗೆ ತಯಾರಾಗಿ ಕೂತಿರುತ್ತವೆ.

ಫ್ಯಾನಿನ ಮಾತು ಸುಮ್ಮನೆ ಬಂದಿದ್ದಲ್ಲ. ಪಾರ್ಸೆಲ್ ಬಂದ ದಿನ ಆರೂವರೆ ಅಡಿಯ ಕಾರ್ಬನ್ ರಾಡನ್ನು, ಅಂದರೆ ಗಾಳದ ಕೋಲನ್ನು, ಹಾಲ್‌ನಲ್ಲೇ ಜೋಡಿಸಿ, ಎತ್ತಿ ಹಿಡಿದು, ಮನೆಯವರಿಗೆಲ್ಲ ತೋರಿಸುವ ಶಾಸ್ತ್ರ ಇದೆಯಲ್ಲ, ಅದರಲ್ಲಿ ದಾರ ಹಾಯುವ ತುದಿಯ ಉಂಗುರ ಹಾರಿಹೋಗುತ್ತದೆ. ರಾಡಿನ ತುದಿ ಮುರಿಯುವುದು ಮೀನಿನಿಂದ ಕಡಿಮೆ. ಫ್ಯಾನು, ಕಾರಿನ ಬಾಗಿಲು, ಕಬ್ಬಿಣದ ಗೇಟು, ಇವುಗಳಿಂದ ಹೆಚ್ಚು. ಪೆಟ್ಟು ಬಿದ್ದ ಕಾರ್ಬನ್‌ಗೆ ಇನ್ನೊಂದು ದುರ್ಗುಣವಿದೆ: ಅವತ್ತು ಮುರಿಯುವುದಿಲ್ಲ. ಒಳಗೆ ಸಣ್ಣ ಬಿರುಕು ಇಟ್ಟುಕೊಂಡು, ದಡದಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಮೊದಲ ಮೀನು ಜಗ್ಗಿದ ಗಳಿಗೆಯಲ್ಲಿ ಟಪ್ ಅನ್ನುತ್ತದೆ.

ಎಲ್ಲರೂ ಮೊದಲು ರಾಡ್ ಕೊಳ್ಳುತ್ತಾರೆ. ಉದ್ದಕ್ಕಿದೆ, ಹೊಳೆಯುತ್ತದೆ, ಫೋಟೋಗೆ ಚೆನ್ನ. ಕ್ರಮ ಇರಬೇಕಾದ್ದು ತಿರುಗಾಮುರುಗಾ: ಯಾವ ಮೀನು, ಎಷ್ಟು ಆಳ ಅಂತ ಮೊದಲು ನೋಡಿ, ಅದಕ್ಕೆ ದಾರ, ದಾರಕ್ಕೆ ಅದನ್ನು ಸುತ್ತುವ ರೀಲು, ರೀಲಿಗೆ ಕೊನೆಯಲ್ಲಿ ರಾಡು. ರಾಡ್ ಮೊದಲು ಕೊಂಡವರು ಅದರ ಬುಡದಲ್ಲಿ ಬರೆದದ್ದನ್ನು ಓದುವ ಚಂದವೇ ಬೇರೆ. ‘60–150 ಗ್ರಾಂ’ ಅಂತ ಇರುತ್ತದೆ. ‘ನೂರೈವತ್ತು ಗ್ರಾಮಿನ ಮೀನಾ? ನಮ್ ಕೆರೇಲೇ ಅರ್ಧ ಕೆಜಿದು ಸಿಗ್ತದೆ!’ ಅಂತ ರೇಗುತ್ತಾರೆ. ಅದು ಆ ರಾಡು ಸರಿಯಾಗಿ ಆಡಿಸಬಲ್ಲ ಜಿಗ್ಗಿನ, ಅಂದರೆ ಮೀನಿನಂತೆ ಕಾಣುವ ಲೋಹದ ಗಾಳದ, ತೂಕ. ಮೀನಿನ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ರೀಲಿನ ಡಬ್ಬದ ಮೇಲಿನ ‘ಗರಿಷ್ಠ ಡ್ರ್ಯಾಗ್ 12 ಕೆಜಿ’ ನೋಡಿ ಹದಿಮೂರು ಕೆಜಿ ಅಂಜಲ್ ಬಂದರೆ ಏನು ಗತಿ ಅಂತ ಚಿಂತೆಗೆ ಬೀಳುವವರೂ ಇದ್ದಾರೆ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಹಿಡಿದು ಹಿಡಿದು ಬಿಡುವ ರೀಲಿನ ಬ್ರೇಕು; ಮೂರು ಕೆಜಿ ಡ್ರ್ಯಾಗಿನಲ್ಲೇ ಅಂಥ ಮೀನನ್ನು ಓಡಾಡಿಸಿ, ಸುಸ್ತು ಮಾಡಿ ತರಬಹುದು.

ದಾರದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕಂದರೆ ಹಣ ಹೆಚ್ಚು ಪೋಲಾಗುವುದು ಇಲ್ಲೇ. ಕೆರೆಗೆ ಸಾಕಾಗುತ್ತಿದ್ದ ತಂಗೂಸಿ, ಅಂದರೆ ನೈಲಾನಿನ ಮೋನೋ, ಜಗ್ಗಿದರೆ ಶೇ. 20ಕ್ಕೂ ಮೀರಿ ಹಿಗ್ಗುತ್ತದೆ. 40 ಮೀಟರ್ ಆಳದಲ್ಲಿ ಮುರು ಮೀನು ಬಾಯಿ ಹಾಕಿ, ರುಚಿ ನೋಡಿ, ಉಗಿದು ಹೋದ ಮೇಲೆ ಮೇಲಿನವರಿಗೆ ಸುದ್ದಿ ಮುಟ್ಟುತ್ತದೆ. ಹೆಣೆದ ದಾರ, ಬ್ರೇಡ್, ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಸಪೂರವೂ ಹೌದು: 50 ಪೌಂಡಿನ ಮೋನೋ ಸುಮಾರು 0.7 ಮಿಲಿಮೀಟರ್ ದಪ್ಪವಿದ್ದರೆ, ಅಷ್ಟೇ ಬಲದ ಒಳ್ಳೆಯ ಬ್ರೇಡ್ 0.3ರ ಒಳಗೇ ಮುಗಿಯುತ್ತದೆ. ನೀರಿನ ಸೆಳೆತ ಅದನ್ನು ಅಷ್ಟಾಗಿ ಎಳೆಯದ ಕಾರಣ 80–100 ಗ್ರಾಂ ಜಿಗ್ಗು ನೆಟ್ಟಗೆ ತಳ ಮುಟ್ಟುತ್ತದೆ. ಮೀಟರ್ ಆಳಕ್ಕೆ ಎರಡು ಗ್ರಾಂ ಅನ್ನುವ ಲೆಕ್ಕ ಇಟ್ಟುಕೊಂಡು, ಸೆಳೆತ ಜೋರಿದ್ದರೆ ಏರಿಸುತ್ತ ಹೋಗಬೇಕು.

ಬ್ರೇಡಿನ ಮೇಲೆ ‘ಪಿಇ 3’ ಅಂತ ಇದ್ದರೆ ಅದು ದಪ್ಪದ ಅಳತೆ, ಬಲದ್ದಲ್ಲ. ಪಿಇ 1 ಅಂದರೆ 0.165 ಮಿಲಿಮೀಟರ್, ಪಿಇ 2 ಅಂದರೆ 0.235, ಪಿಇ 3 ಅಂದರೆ 0.285. ಒಳ್ಳೆಯ ಎಂಟೆಳೆ ಪಿಇ 3 ಸುಮಾರು 40ರಿಂದ 55 ಪೌಂಡ್ ತಡೆಯುತ್ತದೆ. ‘0.28 ಮಿ.ಮೀ., 100 ಪೌಂಡ್, 500 ಮೀಟರ್’ ಅಂತ ಮುನ್ನೂರು ರೂಪಾಯಿಗೆ ಬರುವ ದಾರವನ್ನು ಪತ್ತೆಹಚ್ಚಲು ಪ್ರಯೋಗಶಾಲೆ ಬೇಡ. ರೀಲಿನ ಮೇಲೆ ‘ಪಿಇ 3, 300 ಮೀಟರ್’ ಎಂದಿದ್ದು, ಈ ದಾರ 180 ಮೀಟರ್‌ಗೇ ಸ್ಪೂಲ್, ಅಂದರೆ ರೀಲಿನ ದಾರದ ಉರುಳೆ, ತುಂಬಿ ಚೆಲ್ಲಿದರೆ, ದಪ್ಪದ ವಿಷಯದಲ್ಲಿ ಯಾರು ಸುಳ್ಳು ಹೇಳಿದರು ಅನ್ನುವುದು ಅಲ್ಲಿಗೆ ಇತ್ಯರ್ಥ.

ಇನ್ನು ಸುತ್ತುವುದು. ಬ್ರೇಡನ್ನು ಬರೀ ಲೋಹದ ಸ್ಪೂಲಿಗೆ ಗಂಟು ಹಾಕಿ ಸುತ್ತಿದರೆ ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೀನು ಎಳೆದಾಗ ಮುನ್ನೂರು ಮೀಟರ್ ದಾರವೂ ಒಟ್ಟಿಗೆ, ಸ್ಪೂಲಿನ ಮೇಲೆ ಬಳೆಯ ಹಾಗೆ ಗರಗರ ತಿರುಗುತ್ತದೆ. ಯಜಮಾನರು ಡ್ರ್ಯಾಗ್ ಕೆಟ್ಟಿದೆ ಅಂತ ಗುಂಡಿ ತಿರುವುತ್ತಾರೆ; ಎಷ್ಟು ಬಿಗಿ ಮಾಡಿದರೂ ದಾರ ಹೋಗುತ್ತಲೇ ಇರುತ್ತದೆ. ಔಷಧ ಅಗ್ಗ: ಮೊದಲು 10–20 ಮೀಟರ್ ಮೋನೋ ಸುತ್ತಿ ಅದಕ್ಕೆ ಬ್ರೇಡ್ ಕಟ್ಟುವುದು, ಇಲ್ಲವೇ ಎಲೆಕ್ಟ್ರಿಕ್ ಅಂಗಡಿಯ ಇನ್ಸುಲೇಷನ್ ಟೇಪು ಎರಡು ಸುತ್ತು. ಸುತ್ತುವಾಗ ಒಬ್ಬರು ಒದ್ದೆಬಟ್ಟೆಯಲ್ಲಿ ದಾರ ಅದುಮಿ ಹಿಡಿಯಬೇಕು. ಸಡಿಲ ಸುತ್ತಿದರೆ, ಮೇಲಿನ ಸುತ್ತು ಒತ್ತಡ ಬಿದ್ದಾಗ ಕೆಳಗಿನ ಸುತ್ತುಗಳೊಳಗೆ ನುಗ್ಗಿ ಕಚ್ಚಿಕೊಳ್ಳುತ್ತದೆ, ಮುಂದಿನ ಓಟಕ್ಕೆ ದಾರ ಕಟ್. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಬಾಕಿ ಇರುವಂತೆ ನಿಲ್ಲಿಸಬೇಕು. ಕೊಟ್ಟ ಕಾಸಿಗೆ ಇನ್ನಷ್ಟು ಹಿಡಿಸಲಿ ಅಂತ ತುಂಬಿದರೆ ದಾರ ಸುರುಳಿ ಸುರುಳಿಯಾಗಿ ಉದುರುತ್ತದೆ.

ರೀಲಿನಲ್ಲಿ ಎರಡು ಜಾತಿ. ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ನೇತಾಡುತ್ತದೆ. ಓವರ್‌ಹೆಡ್ ಮೇಲೆ ಕೂರುತ್ತದೆ. ಸ್ಪಿನ್ನಿಂಗನ್ನು ಮೇಲೆ ಕೂರಿಸಿಕೊಂಡು, ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತ, ಗಟ್ಟಿಯಾಗಿದೆ ಅಂತ ಗ್ರೀಸ್ ಹುಡುಕುವ ದೃಶ್ಯ ನಮ್ಮ ಕೆರೆ ಏರಿಗಳಲ್ಲಿ ಅಪರೂಪವೇನಲ್ಲ. ಅದಕ್ಕಿಂತ ತಮಾಷೆಯದು, ದಾರವನ್ನು ಸುತ್ತಿಸುವ ತಂತಿಯ ಕಮಾನು, ಅಂದರೆ ಬೇಲ್, ತೆರೆಯದೆ ಸ್ಪೂಲಿಗೆ ದಾರ ಕಟ್ಟಿರುವುದು. ಉಂಗುರಗಳಲ್ಲೆಲ್ಲ ದಾರ ಪೋಣಿಸಿ, ಗಂಟೆಲ್ಲ ಮುಗಿಸಿ, ಹಿಡಿ ತಿರುಗಿಸಿದರೆ ಬೇಲ್ ತನ್ನ ಪಾಡಿಗೆ ಸುತ್ತುತ್ತದೆ, ದಾರ ತನ್ನ ಪಾಡಿಗೆ ನಿಂತಿರುತ್ತದೆ.

ಓವರ್‌ಹೆಡ್ ರೀಲಿಗೆ ಹೆಬ್ಬೆರಳೇ ಬ್ರೇಕು. ಸ್ಪೂಲ್ ಬಿಟ್ಟು ಜಿಗ್ಗು ಇಳಿಸುವಾಗ ಹೆಬ್ಬೆರಳು ಮೆಲ್ಲಗೆ ಸವರುತ್ತಿರಬೇಕು. ತಳ ಮುಟ್ಟಿದ ಕ್ಷಣ ಜಿಗ್ಗು ನಿಲ್ಲುತ್ತದೆ, ಸ್ಪೂಲು ಮಾತ್ರ ತನ್ನ ವೇಗದಲ್ಲಿ ಇನ್ನೂ ಹತ್ತಾರು ಸುತ್ತು ಓಡಿ ಗುಬ್ಬಚ್ಚಿಗೂಡು ಕಟ್ಟುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ದೋಣಿ ಮೀನಿರುವ ಬಂಡೆಯ ಮೇಲಿಂದ ತೇಲಿ ಆಚೆ ಹೋಗಿರುತ್ತದೆ. ಸ್ಪಿನ್ನಿಂಗಿನಲ್ಲಿ ಆ ಕಾಟವಿಲ್ಲ, ಬದಲಿಗೆ ಇನ್ನೊಂದಿದೆ. ಮೀನು ಓಡುತ್ತಿದೆ, ಡ್ರ್ಯಾಗ್ ಕಿರ್ರ್ ಅನ್ನುತ್ತಿದೆ, ನಮ್ಮವರು ಬಿಡದೆ ಹಿಡಿ ತಿರುಗಿಸುತ್ತಿದ್ದಾರೆ. ಒಂದಿಂಚೂ ಒಳಗೆ ಬರುವುದಿಲ್ಲ. 5:1 ಗೇರಿನ ರೀಲಾದರೆ ಹಿಡಿಯ ಪ್ರತಿ ಸುತ್ತಿಗೂ ದಾರಕ್ಕೆ ಐದು ಹುರಿ ಬೀಳುತ್ತದೆ. ಹತ್ತು ನಿಮಿಷ ಹಾಗೆ ಶ್ರಮಿಸಿದರೆ, ಮೀನು ಬಿಟ್ಟುಹೋದ ಮೇಲೆ ದಾರ ತನ್ನಷ್ಟಕ್ಕೆ ಜಡೆ ಹೆಣೆದುಕೊಳ್ಳುತ್ತದೆ. ಮೀನು ಓಡುವಾಗ ಕೈ ನಿಲ್ಲಿಸಬೇಕು. ಅದು ನಿಂತಾಗ ರಾಡ್ ಎತ್ತಿ, ಇಳಿಸುತ್ತ ಸುತ್ತಬೇಕು.

ಮೊದಲ ಸಲಕ್ಕೆ ಯಾವುದು ಅಂದರೆ, 6000ರಿಂದ 8000 ಸೈಜಿನ ಸ್ಪಿನ್ನಿಂಗ್ ರೀಲು, ಪಿಇ 3 ಬ್ರೇಡ್ 300 ಮೀಟರ್, ಪಿಇ 2–4 ಅಂತ ಬರೆದ ಆರೂವರೆ ಅಡಿಯೊಳಗಿನ ಜಿಗ್ಗಿಂಗ್ ರಾಡು. ಸೈಜಿನ ಅಂಕಿ ಕಂಪನಿಯಿಂದ ಕಂಪನಿಗೆ ಒಂದೇ ಅಲ್ಲ, ದಾರ ಎಷ್ಟು ಹಿಡಿಯುತ್ತದೆ ಅನ್ನುವುದನ್ನೇ ನೋಡಬೇಕು. ಓವರ್‌ಹೆಡ್ ರಾಡಿಗೆ ಸ್ಪಿನ್ನಿಂಗ್ ರೀಲು ಹಾಕುವ ಉಳಿತಾಯ ಬೇಡ. ಅದರ ಮೊದಲ ಉಂಗುರ ಸಣ್ಣದು, ಅಗಲವಾಗಿ ಸುತ್ತಿಕೊಂಡು ಬರುವ ದಾರ ಅಲ್ಲಿ ಬಡಿದು ತಡವರಿಸುತ್ತದೆ. ಮಡಚುವ ಟೆಲಿಸ್ಕೋಪ್ ರಾಡು ಬ್ಯಾಗಿಗೆ ಸರಿ, ಕಡಲಿಗೆ ಬೇಡವೇ ಬೇಡ. ಉಪ್ಪು ಕೂತು ಗೆಣ್ಣುಗಳು ಕಚ್ಚಿಕೊಂಡರೆ ಏಳಡಿಯ ಕೋಲನ್ನೇ ಹೊತ್ತು ಊರಿಗೆ ಬರಬೇಕಾಗುತ್ತದೆ.

ಬಸ್ಸಿಗೆ ಎರಡು ತುಂಡಿನ ರಾಡು, ಅದಕ್ಕೊಂದು 90 ಮಿಲಿಮೀಟರಿನ ಪಿವಿಸಿ ಪೈಪು, ಎರಡು ಕಡೆ ಮುಚ್ಚಳ. ಬೋರ್‌ವೆಲ್ಲಿನ ಜಿಲ್ಲೆಯಲ್ಲಿ ಪೈಪಿಗೇನು ಬರ? ‘ಎಷ್ಟಡಿಗೆ ಬಿತ್ತು ಸಾ ನೀರು?’ ಅಂತ ಕಂಡಕ್ಟರ್ ವಿಚಾರಿಸುವುದನ್ನು ಸಹಿಸಿಕೊಂಡರೆ ರಾಡು ಕ್ಷೇಮವಾಗಿ ಕರಾವಳಿ ಮುಟ್ಟುತ್ತದೆ. ಪೈಪಿಗೆ ಹಾಕುವ ಮೊದಲು ಪ್ರತಿ ಉಂಗುರದೊಳಗೂ ಒಂದು ಚೂರು ಹತ್ತಿ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡಿತೋ, ಸೆರಾಮಿಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆ. ಅದು ಬ್ರೇಡನ್ನು ಬ್ಲೇಡಿನಂತೆ ಕೊಯ್ಯುತ್ತದೆ.

ಗಂಟು ಹಾಕುವ ಕೆಲಸವೂ ಮನೆಯದೇ. ಬ್ರೇಡಿನ ತುದಿಗೆ 50–60 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ಗಾಳದ ಕಡೆಯ ಉಜ್ಜಾಟ ತಡೆಯುವ ದಾರ, ಎರಡು ಮೀಟರ್ ಬೇಕು. ಬಂಡೆಗೆ ಉಜ್ಜಿದರೆ ಬ್ರೇಡ್ ಉಳಿಯುವುದಿಲ್ಲ. ಅಂಜಲಿಗೆ ಹೊರಟವರು ಕೊನೆಯಲ್ಲಿ ಗೇಣುದ್ದ ಉಕ್ಕಿನ ತಂತಿ ಸೇರಿಸಬೇಕು, ಆ ಹಲ್ಲಿನ ಮುಂದೆ ಫ್ಲೋರೋಕಾರ್ಬನ್ ಲೆಕ್ಕಕ್ಕಿಲ್ಲ. ಜೋಡಿಸಲು ಎಫ್‌ಜಿ ಗಂಟು ತೀರ ಸಣ್ಣದು, ಉಂಗುರದಲ್ಲಿ ಸಲೀಸಾಗಿ ಜಾರುತ್ತದೆ. ಲೀಡರಿನ ಮೇಲೆ ಬ್ರೇಡನ್ನು ಆ ಕಡೆಯಿಂದೊಂದು ಈ ಕಡೆಯಿಂದೊಂದು 18–20 ಹೆಣಿಗೆ, ಆಮೇಲೆ ಬೀಗದ ಗಂಟುಗಳು, ಎಂಜಲು ಹಚ್ಚಿ ಎಳೆತ. ಒಣಗಿದ್ದಾಗ ಎಳೆದರೆ ಉಜ್ಜಾಟದ ಶಾಖಕ್ಕೆ ಲೀಡರ್ ಸೊರಗುತ್ತದೆ. ಬಿಗಿಯುವಾಗ ಬ್ರೇಡನ್ನು ಬರಿಗೈಗೆ ಸುತ್ತಿಕೊಳ್ಳಬಾರದು, ಬೆರಳು ಕತ್ತರಿಸುತ್ತದೆ. ಸೋಫಾ ಮೇಲೆ ಕೂತು ಕಲಿತ ಗಂಟು ದೋಣಿಯಲ್ಲಿ ನೆನಪಿಗೆ ಬರುವುದಿಲ್ಲ; ಮನೆಯಲ್ಲಿ ಉಯ್ಯಾಲೆಯಿದ್ದರೆ ಅದರ ಮೇಲೆ ಕೂತು, ಯಾರಾದರೂ ತೂಗುತ್ತಿರುವಾಗ ಹಾಕಿ ನೋಡಬಹುದು. ಎಲ್ಲ ಮುಗಿದ ಮೇಲೆ ಉಂಗುರಗಳನ್ನು ಎಣಿಸಬೇಕು. ನಡುವೆ ಒಂದನ್ನು ಬಿಟ್ಟು ಪೋಣಿಸಿರುವ ಸಂಭವ ಯಾವಾಗಲೂ ಇದ್ದೇ ಇದೆ, ಅದು ತಿಳಿಯುವುದೂ ಯಾವಾಗಲೂ ಗಂಟು ಹಾಕಿದ ನಂತರವೇ.

ಡ್ರ್ಯಾಗನ್ನು ಕೈಯಲ್ಲಿ ಎಳೆದು ‘ಹ್ಞೂಂ, ಸಾಕು’ ಅನ್ನುವುದು ಪಂಚಾಂಗ ನೋಡದೆ ಮುಹೂರ್ತ ಇಟ್ಟ ಹಾಗೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಹಿತ್ತಲಿನ ತೆಂಗಿನಮರಕ್ಕೆ ಕಟ್ಟಿ, ದಾರದ ತುದಿ ಅದಕ್ಕೆ ಸಿಕ್ಕಿಸಿ, ರಾಡನ್ನು 45 ಡಿಗ್ರಿ ಹಿಡಿದು ಹಿಂದೆ ಸರಿಯಬೇಕು. ದಾರದ ಬಲದ ನಾಲ್ಕನೇ ಒಂದು ಭಾಗದಲ್ಲಿ ಸ್ಪೂಲು ಜಾರತೊಡಗಬೇಕು. 50 ಪೌಂಡ್ ಅಂದರೆ ಸುಮಾರು 22.7 ಕೆಜಿ, ಕಾಲುಭಾಗ ಐದೂವರೆ. ಹೊಸಬರು ಮೂರು-ನಾಲ್ಕಕ್ಕೇ ಇಡುವುದು ಸೊಂಟಕ್ಕೆ ಒಳ್ಳೆಯದು. ದಾರ ಹೊರಹೋಗಿ ಸ್ಪೂಲು ಸಣ್ಣಗಾದಂತೆ ಎಳೆತ ತಾನಾಗಿಯೇ ಏರುತ್ತದೆ; ಅರ್ಧ ದಾರ ಹೋದಾಗ ಗಾಬರಿಯಿಂದ ಇನ್ನೂ ಬಿಗಿ ಮಾಡುವವರು ಇದನ್ನು ಅರಿಯದೆ ಒಳ್ಳೊಳ್ಳೆ ಮೀನು ಕಳೆದುಕೊಳ್ಳುತ್ತಾರೆ. ತೆಂಗಿನಮರಕ್ಕೆ ಗಾಳ ಹಾಕಿದ್ದನ್ನು ನೋಡಿ ಕಾಂಪೌಂಡಿನಾಚೆಯವರು ಏನಾದರೂ ಅಂದರೆ ಎಳನೀರಿಗೆ ಅಂದುಬಿಡಬೇಕು.

ಮೀನು ದೋಣಿಯ ಪಕ್ಕ ಬಂದಾಗ ಸಂತೋಷಕ್ಕೆ ರಾಡನ್ನು ಆಕಾಶಕ್ಕೆ ನೆಟ್ಟಗೆ ಎತ್ತುವುದು ಇನ್ನೊಂದು ಚಟ. ಭಾರವೆಲ್ಲ ತೆಳ್ಳಗಿನ ತುದಿಗೆ ಬಿದ್ದು ಮುರಿಯುತ್ತದೆ. ಗಾಳ ಬಂಡೆಗೆ ಸಿಕ್ಕಿದರಂತೂ ರಾಡಿನಲ್ಲಿ ಜಗ್ಗಲೇಬಾರದು. ದಾರವನ್ನು ಮರದ ತುಂಡಿಗೆ ನಾಲ್ಕು ಸುತ್ತು ಸುತ್ತಿ ಅದನ್ನು ಹಿಡಿದು ಎಳೆಯಬೇಕು.

ಊರಿಗೆ ಬಂದ ಮೇಲೆ ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ನೀರು ರೀಲಿಗೆ ಹೊಡೆಸಬೇಡಿ, ಉಪ್ಪು ಬೇರಿಂಗಿನೊಳಕ್ಕೇ ಹೋಗಿ ಕೂರುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ಸಣ್ಣಗೆ ಸಿಹಿನೀರು ಚಿಮುಕಿಸಿ, ನಮ್ಮ ಬೋರ್‌ವೆಲ್ ನೀರು ಬಿಳಿ ಕಲೆ ಬಿಡುವುದರಿಂದ ಆಗಲೇ ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಎತ್ತಿಡಬೇಕು. ತಿಪಟೂರಿನ ಅಭಿಮಾನದಿಂದ ಕೊಬ್ಬರಿ ಎಣ್ಣೆ ಬಿಡುವವರಿಗೆ ಒಂದು ಮಾತು: ಅದು 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಕಪಾಟು ತೆರೆದರೆ ರೀಲಿನ ಹಿಡಿ ಅಲ್ಲಾಡುವುದಿಲ್ಲ. ಗೇರಿಗೆ ಮೆರೈನ್ ಗ್ರೀಸು, ಬೇರಿಂಗಿಗೆ ಒಂದು ಹನಿ ತೆಳು ರೀಲ್ ಎಣ್ಣೆ. ಡ್ರ್ಯಾಗ್ ವಾಷರಿಗೆ ಅದರದೇ ಗ್ರೀಸು ಬಿಟ್ಟು ಬೇರೇನೂ ಬೇಡ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬ್ರೇಡನ್ನು ಮಗುಚಿ ಸುತ್ತಲು ಅದೇ ಸಮಯ: ಮೇಲಿನ ನೂರು ಮೀಟರ್ ಸವೆದಿರುತ್ತದೆ, ತಳದ ಇನ್ನೂರು ಬಿಸಿಲೇ ಕಂಡಿರುವುದಿಲ್ಲ. ಇನ್ನೊಂದು ಸ್ಪೂಲಿಗೆ ಪೂರ್ತಿ ಬಿಚ್ಚಿ, ಅದರಿಂದ ಮತ್ತೊಂದಕ್ಕೆ, ಅಲ್ಲಿಂದ ರೀಲಿಗೆ ಬಂದರೆ ಹೊಸತು ಮೇಲೆ ಬರುತ್ತದೆ. ತೀರಾ ಸವೆದು ಕತ್ತರಿಸಿ ತೆಗೆದ ದಾರವನ್ನು ಮಾತ್ರ ಹಾಗೇ ಕಸದ ಬುಟ್ಟಿಗೆ ಹಾಕಬಾರದು. ಹೊರಗೆ ಆಷಾಢದ ಗಾಳಿ ಬೀಸುತ್ತಿರುತ್ತದೆ, ಬೀದಿ ತುಂಬ ಗಾಳಿಪಟ, ಹರಿಯದ ದಾರಕ್ಕಾಗಿ ಹುಡುಗರು ಹೊಂಚುಹಾಕಿರುತ್ತಾರೆ. ಬೈಕಿನವರ ಕುತ್ತಿಗೆಗೆ ಅದು ಬೀಳುವ ಮೊದಲು ಗೇಣುಗೇಣಿಗೆ ಕತ್ತರಿಸಬೇಕು. ಅಡುಗೆಮನೆಯ ಕತ್ತರಿಯಲ್ಲಿ ಬ್ರೇಡ್ ತುಂಡಾಗದೆ ಜಾರುತ್ತದೆ, ಅದಕ್ಕೆಂದೇ ಹರಿತವಾದ ಬೇರೆ ಕತ್ತರಿ ಇಟ್ಟುಕೊಳ್ಳಿ.