ಎರಿಕ್ ಲಿಡ್ಡೆಲ್ ಆಟದ ವಿರೋಧಿಯಾಗಿರಲಿಲ್ಲ

ಸ್ಕಾಟ್ಲೆಂಡಿನ ಓಟಗಾರ, ಭಾನುವಾರವನ್ನು ದೇವರಿಗೆ ಮೀಸಲಿಟ್ಟಿದ್ದ ಕ್ರೈಸ್ತ ಎರಿಕ್ ಲಿಡ್ಡೆಲ್ ಬಗ್ಗೆ ಒಂದು ಸಂದೇಶ ಹರಿದಾಡುತ್ತಿದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಡಗು ಹತ್ತುವಾಗ ತಮ್ಮ ಓಟ ಭಾನುವಾರ ಎಂದು ಗೊತ್ತಾಗಿ ಹಿಂದೆ ಸರಿದರಂತೆ. ಹಾಗಾಗಿ ಕ್ರೈಸ್ತರಿಗೆ ಆಟ, ಸಿನಿಮಾ, ಹಾಡು ಯಾವುದೂ ಬೇಡವಂತೆ.

ಎರಡೂ ತಪ್ಪು. ಹಡಗಿನ ದೃಶ್ಯ 1981ರ 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದ್ದು. ಒಳ್ಳೆಯ ಸಿನಿಮಾ, ಸಂಗೀತವಂತೂ ಇನ್ನೂ ಚೆಂದ. ಆದರೆ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಎಂಬುದು ಲಿಡ್ಡೆಲ್‌ಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಅದನ್ನು ಬಿಟ್ಟು 400 ಮೀಟರ್‌ಗೆ ತಯಾರಿ ಮಾಡಿಕೊಂಡರು. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. 200 ಮೀಟರ್‌ನಲ್ಲಿ ಕಂಚು ಬಂತು.

ಅವರು ಬಿಟ್ಟದ್ದು ಭಾನುವಾರದ ಓಟವನ್ನು, ಆಟವನ್ನಲ್ಲ. ಸ್ಕಾಟ್ಲೆಂಡ್ ತಂಡಕ್ಕೆ ರಗ್ಬಿಯನ್ನೂ ಆಡಿದವರು ಅವರು.

ಸಂದೇಶದಲ್ಲಿ ಇಲ್ಲದ ಮಾತೊಂದಿದೆ. ಮುಂದೆ ಚೀನಾದಲ್ಲಿ ಮಿಷನರಿಯಾಗಿದ್ದ ಅವರನ್ನು ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಮಕ್ಕಳಿಗೆ ಆಟ ಆಡಿಸುತ್ತಿದ್ದರು, ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಆಮೇಲೆ ಲಿಡ್ಡೆಲ್ ಭಾನುವಾರವೂ ರೆಫ್ರಿಯಾಗಿ ನಿಂತರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು.