ಐರನ್ ಪ್ಲಗ್ ಕಿತ್ತು ಆಮೇಲೆ ಮಾತಾಡಿ

ಮನೆಯಲ್ಲೇ ಗಿಟಾರ್ ಪೆಡಲ್ (ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು ಸದ್ದು ಬದಲಿಸೋ ಡಬ್ಬಿ) ಮಾಡ್ಕೊಳ್ಳೋಕೆ ಹೊರಟವರು "ಸದ್ದು ಬರ್ತಿಲ್ಲ" ಅಂದ ತಕ್ಷಣ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ: "ಎಲ್ಲಾ ಜಾಯಿಂಟೂ ಇನ್ನೊಂದ್ಸಲ ಕಾಯಿಸಿ ನೋಡಿ ಬ್ರೋ." ಅಂದ್ರೆ ಸೋಲ್ಡರಿಂಗ್ ಐರನ್ ಹಿಡಿದು ಬೋರ್ಡಿನ ಪ್ರತಿ ಬೆಸುಗೆಯನ್ನೂ ಮತ್ತೆ ಕರಗಿಸಿ ಅಂತ. ಈ ಮಾತು ನಂಬಿ ಎರಡು ಬೋರ್ಡ್ ಹಾಳು ಮಾಡ್ಕೊಂಡವನು ನಾನು. ಅದಕ್ಕೇ ಇವತ್ತು ಸ್ವಲ್ಪ ಸಿಟ್ಟಲ್ಲೇ ಬರೀತಿದ್ದೀನಿ.

ನನ್ನ ಮೊದಲ ಪೆಡಲ್ಲು ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಎಲ್‌ಪಿಬಿ-1 ಬೂಸ್ಟರ್‌ನ ನಕಲು. ಅರವತ್ತರ ದಶಕದ ಸರ್ಕ್ಯೂಟು. ಒಂದೇ ಟ್ರಾನ್ಸಿಸ್ಟರ್ (ಸಿಗ್ನಲ್ ದೊಡ್ಡದು ಮಾಡೋ ಭಾಗ, ಇದರ ಮೂರು ಕಾಲಿಗೆ ಎಮಿಟರ್, ಬೇಸ್, ಕಲೆಕ್ಟರ್ ಅಂತಾರೆ), ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್ ಪಾಟ್, 9 ವೋಲ್ಟ್ ಬ್ಯಾಟರಿ. ಇಷ್ಟೇ. ಗಿಟಾರಿನ ಸಣ್ಣ ಸಿಗ್ನಲ್ಲನ್ನ ಹೆಚ್ಚುಕಮ್ಮಿ ಇಪ್ಪತ್ತು ಪಟ್ಟು ದೊಡ್ಡದು ಮಾಡಿ ಆಂಪ್‌ಗೆ ಕೊಡುತ್ತೆ. ಇದಕ್ಕಿಂತ ಸುಲಭದ್ದು ಹುಡುಕೋದು ಕಷ್ಟ ಅಂತ ಎಲ್ಲರೂ ಹೇಳಿದ್ರು. ನನ್ನ ಕೈಗೆ ಇದೂ ದಕ್ಕಲಿಲ್ಲ.

ಸಾಮಾನು ತರೋಕೆ ಒಂದು ಶನಿವಾರ ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಚೀಟಿ ಹಿಡ್ಕೊಂಡು ನಿಂತರೆ ಒಂದೊಂದು ಅಂಗಡೀಲಿ ಒಂದೊಂದು ಐಟಂ ಸಿಗುತ್ತೆ. ಗಿಟಾರ್ ಜ್ಯಾಕ್ ಅಂದ್ರೆ ಯಾರಿಗೂ ಗೊತ್ತಾಗಲಿಲ್ಲ, "ಪಿ 38" ಅಂದ ಮೇಲೆ ಡಬ್ಬಿ ತೆಗೆದ್ರು. 430ಕೆ (ಕಿಲೋ ಓಮ್) ರೆಸಿಸ್ಟರ್ ಇರಲಿಲ್ಲ, 470ಕೆ ತಗೊಂಡೆ, 43ಕೆ ಬದಲು 47ಕೆ. ಇದರಿಂದ ಏನೂ ತೊಂದರೆ ಇಲ್ಲ, ಎರಡರ ಅನುಪಾತ ಹಾಗೇ ಉಳಿಯುತ್ತೆ. ಟ್ರಾನ್ಸಿಸ್ಟರ್ 2ಎನ್5088 ಕೇಳಿದೆ. "ಅದಿಲ್ಲ ಸರ್, ಬಿಸಿ547 ತಗೊಳಿ, ಎಲ್ಲಾ ಒಂದೇ" ಅಂದರು. ಸುಳ್ಳೇನೂ ಅಲ್ಲ. ಈ ಕೆಲಸಕ್ಕೆ 547 ಧಾರಾಳವಾಗಿ ಸಾಕು. ಆದ್ರೆ ಮನೆಗೆ ಬಂದವನು ಸರ್ಕ್ಯೂಟಿನ ಚಿತ್ರದಲ್ಲಿ ಇದ್ದ ಹಾಗೇ ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನೋಡ್ಕೊಂಡು ಕೂರಿಸಿಬಿಟ್ಟೆ.

ಅಮ್ಮನ ಹಳೇ ಸ್ಟೀಲ್ ಡಬ್ಬಿಗೆ ತೂತು ಕೊರೆದು ಎಲ್ಲಾ ಜೋಡಿಸಿ ಗಿಟಾರ್ ಮೀಟಿದೆ. ಬಂದದ್ದು ಬೂಸ್ಟ್ ಅಲ್ಲ, ನೆಗಡಿ ಹಿಡಿದ ಮೂಗಿನ ದನಿ. ಶುರು ಮಾಡಿದೆ ಕಾಯಿಸೋಕೆ. ಒಂದು ಸುತ್ತು ಆಯ್ತು, ಎರಡು ಆಯ್ತು. ಮೂರನೇ ಸುತ್ತಿಗೆ ಜಿಪಿ ಬೋರ್ಡಿನ (ಸಾಮಾನು ಕೂರಿಸೋ ತೂತಿನ ಹಲಗೆ) ತಾಮ್ರದ ಚುಕ್ಕಿಗಳು ಒಣಗಿದ ಹುರುಪೆ ಥರ ಎದ್ದು ಬಂದವು. ಹೊಸ ಬೋರ್ಡಲ್ಲಿ ಮತ್ತೆ ಮಾಡಿದೆ, ಅದೇ ಮೂಗಿನ ದನಿ. ಅದನ್ನೂ ಕಾಯಿಸಿ ಕಾಯಿಸಿ ಕೊಂದೆ. ಮೂರನೆಯದು ಕೈಯಲ್ಲಿ ಇದ್ದಾಗ ಮಾವನಿಗೆ ಫೋನ್ ಮಾಡಿದೆ. ತಿಪಟೂರಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಗಿಟಾರ್ ಪೆಡಲ್ ಅಂದ್ರೆ ಏನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಮಾವ, ಎಲ್ಲಾ ಸರಿಯಾಗೇ ಇದೆ, ಸದ್ದು ಮಾತ್ರ ಸರಿ ಬರ್ತಿಲ್ಲ."

"ಎಲ್ಲಾ ಸರಿ ಇದ್ದಿದ್ರೆ ನೀನ್ಯಾಕೋ ಫೋನ್ ಮಾಡ್ತಿದ್ದೆ? ಕಲೆಕ್ಟರ್‌ನಲ್ಲಿ ಎಷ್ಟು ವೋಲ್ಟ್ ಇದೆ?"

"ಅಳೆದಿಲ್ಲ."

"ಐರನ್ ಪ್ಲಗ್ ಕಿತ್ತಾಕು. ಆಮೇಲೆ ಮಾತಾಡು."

ಮೀಟರ್‌ನ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ವೈರು ಗ್ರೌಂಡಿಗೆ (ಬ್ಯಾಟರಿಯ ಮೈನಸ್), ಕೆಂಪು ಮುಳ್ಳು ಟ್ರಾನ್ಸಿಸ್ಟರ್ ಕಾಲಿಗೆ. ಈ ಸರ್ಕ್ಯೂಟಲ್ಲಿ ಕಲೆಕ್ಟರ್ ಹತ್ರ ನಾಲ್ಕರಿಂದ ಐದು ವೋಲ್ಟ್ ಇರಬೇಕು, ಅಂದ್ರೆ ಬ್ಯಾಟರಿಯ ಅರ್ಧ. ಸಿಗ್ನಲ್ಲಿಗೆ ಮೇಲಕ್ಕೂ ಕೆಳಕ್ಕೂ ಜಾಗ ಸಿಗೋದು ಆಗಲೇ. ನನ್ನದರಲ್ಲಿ ಎಂಟಕ್ಕೂ ಮೇಲೆ ಇತ್ತು. ಹೇಳಿದ ತಕ್ಷಣ ಮಾವ ನಕ್ಕರು: "ಕಾಲು ತಿರುಗುಮುರುಗು ಆಗಿರ್ಬೇಕು ನೋಡು." ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ 2ಎನ್5088ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ತದ್ವಿರುದ್ಧ! ಉಲ್ಟಾ ಕೂರಿಸಿದ ಟ್ರಾನ್ಸಿಸ್ಟರ್ ಪೂರ್ತಿ ಸಾಯಲ್ಲ, ಕುಂಟುತ್ತಾ ಕೆಲಸ ಮಾಡುತ್ತೆ. ಅದಕ್ಕೇ ಆ ಮೂಗಿನ ದನಿ. ಹೊಸ 547 ತಗೊಂಡು ತಿರುಗಿಸಿ ಹಾಕಿದೆ. ಮೊದಲನೇ ಸಲ ಮೀಟಿದ್ದಕ್ಕೇ ಪಕ್ಕದ ಮನೆ ಆಂಟಿ ಬಾಲ್ಕನಿಗೆ ಬಂದ್ರು.

ಸಾವಿರ ಸಲ ಕಾಯಿಸಿದ್ರೂ ಉಲ್ಟಾ ಕಾಲು ಸುಲ್ಟಾ ಆಗ್ತಿತ್ತಾ ಹೇಳಿ? ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಇರುತ್ತೆ. ಆದ್ರೆ ಅದು ಎಲ್ಲಿದೆ ಅಂತ ಮೊದಲು ಗೊತ್ತು ಮಾಡ್ಕೊಂಡು ಆ ಒಂದು ಜಾಯಿಂಟ್ ಕಾಯಿಸಿ. ಗೊತ್ತು ಮಾಡ್ಕೊಳ್ಳೋಕೆ ಮಾವ ಹೇಳಿಕೊಟ್ಟ ಉಪಾಯ ಪುಕ್ಕಟೆ. ಹಳೇ ಗಿಟಾರ್ ಕೇಬಲ್ ಒಂದನ್ನ ಕತ್ತರಿಸಿ. ಒಳಗಿನ ವೈರಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಟ್ಟಿ, ಹೊರಗಿನ ಜಾಲರಿಯನ್ನ ಸರ್ಕ್ಯೂಟಿನ ಗ್ರೌಂಡಿಗೆ ಹಿಡಿಸಿ, ಇನ್ನೊಂದು ತುದಿ ಆಂಪ್‌ಗೆ. ಆಂಪ್ ವಾಲ್ಯೂಮ್ ಕಮ್ಮಿ ಇಡಿ, ಕಿವಿ ಮುಖ್ಯ. ಇನ್‌ಪುಟ್ಟಿಗೆ ಫೋನಿಂದ ಹಾಡು ಬಿಟ್ಟು, ಕೆಪಾಸಿಟರಿನ ಇನ್ನೊಂದು ಕಾಲನ್ನ ಇನ್‌ಪುಟ್ ಜ್ಯಾಕಿಂದ ಒಂದೊಂದೇ ಜಾಗಕ್ಕೆ ಮುಟ್ಟಿಸ್ತಾ ಹೋಗಿ. "ಹಾಡು ಎಲ್ಲಿ ನಿಂತಿತೋ ಅಲ್ಲೇ ಕಳ್ಳ" ಅಂತಾರೆ ಮಾವ. ಡಿಸಿಯನ್ನ ಕೆಪಾಸಿಟರ್ ತಡೆಯುತ್ತೆ, ಹಾಡನ್ನ ಮಾತ್ರ ಬಿಡುತ್ತೆ.

ಅದೇ ಪೆಡಲ್ಲು ಇನ್ನೊಂದು ಆಟ ಆಡಿತು. ಡಬ್ಬಿ ತೆಗೆದಿಟ್ಟರೆ ಹಾಡೋದು, ಮುಚ್ಚಳ ಹಾಕಿದರೆ ಮೂಕ. ಬೋರ್ಡಿನ ಬೆನ್ನು ಸ್ಟೀಲಿಗೆ ತಾಗಿ ಶಾರ್ಟ್ ಆಗ್ತಿತ್ತು. ದಪ್ಪನೆ ಮದುವೆ ಕಾರ್ಡ್ ಒಂದನ್ನ ಮಧ್ಯ ತುರುಕಿದೆ, ಇವತ್ತಿಗೂ ಅದೇ ಇದೆ.

ಇದರಿಂದ ಪಾಠ ಕಲಿತವನ ಹಾಗೆ ಎರಡನೇ ಪೆಡಲ್, ಒಂದು ಫಝ್ (ಗಿಟಾರ್ ದನಿಯನ್ನ ಬೇಕಂತಲೇ ಹರಿಯೋ ಹಾಗೆ ಮಾಡೋದು), ಪ್ಲಾಸ್ಟಿಕ್ ಸೋಪಿನ ಡಬ್ಬೀಲಿ ಮಾಡಿದೆ. ಮೀಟದೆ ಸುಮ್ಮನೆ ಬಿಟ್ಟರೆ ಸಣ್ಣಗೆ ಆಕಾಶವಾಣಿ! ಬೆಂಗಳೂರಿನ 612 ಕಿಲೋಹರ್ಟ್ಜ್ ಮೀಡಿಯಂ ವೇವ್ ನನ್ನ ಗಿಟಾರ್ ಆಂಪಲ್ಲಿ. ಲೋಹದ ಡಬ್ಬಿಯನ್ನ ಗ್ರೌಂಡ್ ಮಾಡಿದರೆ ಅದೇ ಗೋಡೆ ಥರ ತಡೆಯುತ್ತೆ ಅಂತ ಆವಾಗ ಅರ್ಥ ಆಯ್ತು. ಮಾವನಿಗೆ ಹೇಳಿದ್ರೆ "ರೇಡಿಯೋ ಮಾಡೋಕೆ ನಾನು ಎಷ್ಟು ಕಷ್ಟಪಡ್ತಿದ್ದೆ, ನೀನು ತಪ್ಪಿ ಮಾಡಿಬಿಟ್ಯಲ್ಲೋ" ಅಂದ್ರು.

ಫಝ್ ಅಂದಾಗ ನೆನಪಾಯ್ತು, ಆ ಸದ್ದು ಹುಟ್ಟಿದ್ದೇ ಒಂದು ಕೆಟ್ಟ ಯಂತ್ರದಿಂದ ಅಂತಾರೆ. ಅರವತ್ತರ ದಶಕದ ಶುರುವಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂದು ರೆಕಾರ್ಡಿಂಗಲ್ಲಿ ಗಿಟಾರ್ ವಾದಕ ಗ್ರೇಡಿ ಮಾರ್ಟಿನ್ ಬಾಸ್ ಗಿಟಾರ್ ನುಡಿಸ್ತಿದ್ದಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು ದನಿ ಹರಿದು ಬಂತು. ಇಂಜಿನಿಯರ್ ಗ್ಲೆನ್ ಸ್ನಾಡಿ ಕೆಟ್ಟಿದ್ದೆಲ್ಲಿ ಅಂತ ಹುಡುಕಿದ್ದಷ್ಟೇ ಅಲ್ಲ, ಅದೇ ಹರುಕು ದನಿ ಬೇಕಂದಾಗ ಬರೋ ಹಾಗೆ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಮಾಡಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನೇ ಮೇಸ್ಟ್ರೋ ಫಝ್-ಟೋನ್ ಅಂತ ಮಾರಿತು. ಅವನು ಆವತ್ತು ಸುಮ್ಮನೆ ಎಲ್ಲಾ ಜಾಯಿಂಟ್ ಕಾಯಿಸಿ ಮನೆಗೆ ಹೋಗಿದ್ರೆ?

ದುಡ್ಡು ಉಳಿಯುತ್ತೆ ಅಂತ ಇದಕ್ಕೆ ಇಳಿಯೋರು ದಯವಿಟ್ಟು ಇಳೀಬೇಡಿ. ಐರನ್, ಮೀಟರ್, ಸುಟ್ಟ ಬೋರ್ಡು, ಎಸ್.ಪಿ. ರೋಡಿನ ಆಟೋ ಎಲ್ಲಾ ಸೇರಿಸಿದ್ರೆ ನನಗೆ ಹೊಸ ಪೆಡಲ್ಲೇ ಬರ್ತಿತ್ತು.

ಇನ್ಮೇಲೆ ಯಾರಾದ್ರೂ "ಸದ್ದು ಬರ್ತಿಲ್ಲ, ಹೆಲ್ಪ್ ಮಾಡಿ" ಅಂತ ಮೆಸೇಜ್ ಹಾಕೋದಾದ್ರೆ, ಬೋರ್ಡಿನ ಎರಡೂ ಮಗ್ಗುಲಿನ ಫೋಟೋ ಜೊತೆ ಟ್ರಾನ್ಸಿಸ್ಟರಿನ ಮೂರೂ ಕಾಲಿನ ವೋಲ್ಟೇಜ್ ಬರೆದು ಕಳಿಸಿ. ಬ್ಯಾಟರೀದೂ ಅಳೆಯಿರಿ, ನಗಬೇಡಿ, ಹೋದ ವಾರ ಒಬ್ಬರದು 6 ವೋಲ್ಟಿಗೆ ಇಳಿದಿತ್ತು.